ಹತ್ತುಮೀನಿನ ಲೆಕ್ಕ ನಮ್ಮ ಹತ್ತಿರ ಇದೆ, ಒಮ್ಮೆ ಬಂದು ಕೇಳಿ

ಕೊಡಗಿನ ಹೊಳೆ, ಕೆರೆ, ಅಣೆಕಟ್ಟೆಗಳ ಮೀನಿನ ಬಗ್ಗೆ ತೀರ್ಮಾನ ಮಾಡುವ ಅಧಿಕಾರಿಗಳಿಗೆ, ಹೊಳೆದಂಡೆಯ ಪಂಚಾಯಿತಿ ಸದಸ್ಯರಿಗೆ, ಮತ್ತೆ ಭಾನುವಾರ ಮೀನು ತಿನ್ನುವ ಎಲ್ಲರಿಗೂ,

ನಮಸ್ಕಾರ.

ಮೊದಲೇ ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ನಾನೂ ಹತ್ತುಮೀನು, ಅಂದರೆ ಹೊಳೆಯಿಂದ ಮೇಲಕ್ಕೆ ಹತ್ತುವ ಮೀನು, ಹಿಡಿದವನೇ. ಒಂದು ಸಲ ಅಲ್ಲ, ಮೀಸೆ ಮೂಡುವ ಮೊದಲಿನಿಂದ. ಜೂನ್ ತಿಂಗಳ ಮೊದಲ ದೊಡ್ಡ ಮಳೆಗೆ ಕಾವೇರಿ ಕೆಂಪಾಗಿ ಏರಿ, ಸಣ್ಣ ಹಳ್ಳದಂಥ ತೋಡುಗಳು ತುಂಬಿ, ಗದ್ದೆಯ ನೀರು ಬದು ದಾಟಿ ಹೊಳೆಗೆ ಇಳಿಯುವುದಕ್ಕೆ ಶುರುವಾಯಿತು ಅಂದರೆ ನಮ್ಮ ಕಡೆ ಯಾರಿಗೂ ನಿದ್ದೆ ಇಲ್ಲ. ಮೊಟ್ಟೆ ಇಡಲು ಮೀನು ಮೇಲಕ್ಕೆ ಹತ್ತುವ ಹೊತ್ತು ಅದು. ಮೊಣಕಾಲುದ್ದದ ನೀರಿನಲ್ಲಿ ಬೆನ್ನು ತೋರಿಸಿಕೊಂಡು, ಬಾಲ ಬಡಿದುಕೊಂಡು, ಹುಲ್ಲಿನ ಮೇಲೂ ಹಾರಿಕೊಂಡು ಹೋಗುವುದನ್ನು ಕಂಡರೆ ಕೈ ಸುಮ್ನೆ ಇರುವುದಿಲ್ಲ. ಲಾಟೀನು, ಕತ್ತಿ, ಗೋಣಿಚೀಲ, ಮೀನು ಬೀಳುವ ಬಿದಿರಿನ ಕೂಣಿ, ಏನೂ ಸಿಗದಿದ್ದರೆ ಅವ್ವನ ಹಳೆ ಸೀರೆ. ಆ ರಾತ್ರಿ ಎಲ್ಲವೂ ಬಲೆಯೇ. ನಮ್ಮ ಮಲಯಾಳಿ ನೆರೆಯವರು ಇದನ್ನು ಊತ್ತ ಅನ್ನುತ್ತಾರೆ. ಅವರ ರಾಜ್ಯದಲ್ಲಿ ಹಾಗೆ ಹಿಡಿಯುವುದಕ್ಕೆ ಈಗ ನಿಷೇಧ ಇದೆ, ಆದರೂ ಅಲ್ಲೂ ಹಿಡಿಯುತ್ತಾರೆ, ಇಲ್ಲೂ ಹಿಡಿಯುತ್ತಾರೆ.

ಅಪ್ಪ ಮಾತ್ರ ಒಂದು ಕೆಲಸ ಮಾಡುತ್ತಿದ್ದ. ಕೈಗೆ ಬಂದ ಮೀನಿನ ಹೊಟ್ಟೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಬಾಲದ ಕಡೆಗೆ ಒತ್ತುತ್ತಿದ್ದ. ಹಾಲಿನಂಥದ್ದು ಬಂದರೆ ಗಂಡು, ಚೀಲಕ್ಕೆ. ಸಾಸಿವೆಯಂಥ ಮೊಟ್ಟೆ ಉದುರಿದರೆ ಹೆಣ್ಣು, ವಾಪಸ್. ವಾಪಸ್ ಬಿಡುವಾಗಲೂ ತಾನು ನಿಂತ ಜಾಗದಲ್ಲಿ ಬಿಡುತ್ತಿರಲಿಲ್ಲ. ಕೂಣಿ ದಾಟಿ ಮೇಲ್ಗಡೆಗೆ ನಾಲ್ಕು ಹೆಜ್ಜೆ ನಡೆದು ಹೋಗಿ ಬಿಡುತ್ತಿದ್ದ. "ಅದು ಹೊರಟ ದಾರಿಗೇ ಬಿಡಬೇಕು ಕಣೋ, ಕೆಳಗೆ ಬಿಟ್ಟರೆ ಇನ್ನೊಬ್ಬನ ಕೂಣಿಗೆ ಬೀಳುತ್ತೆ." ಅಪ್ಪ ದೊಡ್ಡ ಪರಿಸರವಾದಿ ಏನಲ್ಲ. ನಾವು ಬೆಸ್ತರು, ಮುಂದಿನ ವರ್ಷವೂ ಅದೇ ಹೊಳೆಗೆ ಬಲೆ ಬೀಸಬೇಕಿತ್ತು, ಅಷ್ಟೆ.

ಈಗ ಆ ರಾತ್ರಿ ಬರುವವರು ಬೇರೆ. ಪೇಟೆಯಿಂದ ಜೀಪು ಬರುತ್ತದೆ, ತಲೆಗೆ ಕಟ್ಟುವ ಟಾರ್ಚು, ಬ್ಯಾಟರಿ, ಇನ್ವರ್ಟರ್, ಎರಡು ಕೋಲಿಗೆ ಕಟ್ಟಿದ ವಯರು. ನೀರಿಗೆ ಅದ್ದಿದರೆ ತೋಡಿನಲ್ಲಿರುವ ಎಲ್ಲವೂ ಒಮ್ಮೆಗೇ ಬಿಳಿ ಹೊಟ್ಟೆ ಮೇಲೆ ಮಾಡಿ ತೇಲುತ್ತದೆ. ಮೀನು, ಏಡಿ, ಕಪ್ಪೆ, ಕಡ್ಡಿಯಷ್ಟು ದಪ್ಪದ ಮರಿ, ಎಲ್ಲ. ಬೇಕಾದ್ದು ಆರಿಸಿಕೊಂಡು ಉಳಿದದ್ದನ್ನು ಅಲ್ಲೇ ಬಿಟ್ಟು ಹೋಗುತ್ತಾರೆ. ಬೆಳಿಗ್ಗೆ ಕಾಗೆಗಳಿಗೆ ಹಬ್ಬ.

ನಾನು ಈ ಪತ್ರ ಬರೆಯುವುದಕ್ಕೆ ಕಾರಣ ಒಂದು ನೋಟಿಸು. ಹೋದ ಮಳೆಗಾಲಕ್ಕೆ ಮುಂಚೆ ನಮ್ಮೂರಿನ ಅಂಗಡಿ ಗೋಡೆ ಮೇಲೆ ಯಾರೋ ಬಂದು ಅಂಟಿಸಿದ್ದರು. ಯಾವ ಕಚೇರಿ ಅಂತ ಬೇಡ ಬಿಡಿ. ಇಂತಿಂಥ ತಿಂಗಳು ಮೀನು ಹಿಡಿಯಬಾರದು, ಹಿಡಿದರೆ ಕ್ರಮ ಅಂತ ಇತ್ತು. ವಿಷಯ ಸರಿಯೇ. ನನಗೂ ಒಪ್ಪಿಗೆ. ಆದರೆ ಆ ನೋಟಿಸು ಅಂಟಿಸಿದವರು ಅಂಗಡಿಯ ಎದುರು ಬೆಂಚಿನ ಮೇಲೆ ಕೂತಿದ್ದ ನಾಲ್ಕು ಜನ ಮೀನುಗಾರರ ಹತ್ತಿರ ಒಂದು ಮಾತೂ ಆಡದೆ ಹೋದರು. ಮಳೆ ಬಂದ ಮೇಲೆ ಗೋಂದು ಬಿಟ್ಟು ಅದು ಚರಂಡಿಗೆ ಬಿತ್ತು.

ಆ ಬೆಂಚಿನ ಮೇಲೆ ಕೂತಿದ್ದವರಿಗೆ ಏನು ಗೊತ್ತು ಅಂತ ಹೇಳುತ್ತೇನೆ ಕೇಳಿ. ಯಾವ ಮಡುವಿನಲ್ಲಿ ಬೇಸಿಗೆಯಲ್ಲೂ ಎರಡಾಳು ನೀರು ನಿಲ್ಲುತ್ತದೆ ಅಂತ ಗೊತ್ತು. ಯಾವ ತೋಡಿಗೆ ಮೀನು ಮೊದಲು ಹತ್ತುತ್ತದೆ, ಯಾವುದಕ್ಕೆ ಒಂದು ವಾರ ತಡವಾಗಿ ಹತ್ತುತ್ತದೆ ಅಂತ ಗೊತ್ತು. ಯಾರು ತೋಟೆ (ಸಿಡಿಮದ್ದು) ಹಾಕುತ್ತಾರೆ, ಯಾರು ಬ್ಲೀಚಿಂಗ್ ಪೌಡರ್ ಕಲಸುತ್ತಾರೆ, ಅದೂ ಗೊತ್ತು. ಮೀನುಗಾರಿಕೆ ಉಳಿಸುವುದಕ್ಕೆ ನಿಮಗೆ ಬೇಕಾದ ಮುಕ್ಕಾಲು ಪಾಲು ಮಾಹಿತಿ ಆ ಬೆಂಚಿನ ಮೇಲೆ ಬೀಡಿ ಸೇದಿಕೊಂಡು ಕೂತಿತ್ತು ಸಾರ್. ನೀವು ಗೋಡೆ ಜೊತೆ ಮಾತಾಡಿ ಹೋದಿರಿ.

ನಿಷೇಧದ ವಿಷಯವನ್ನೇ ಮೊದಲು ನೋಡೋಣ. ಮೀನು ಕ್ಯಾಲೆಂಡರ್ ನೋಡಿ ಹತ್ತುವುದಿಲ್ಲ. ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಅಂತ ಗೆರೆ ಎಳೆದಿದ್ದಾರೆ, ಸಮುದ್ರಕ್ಕೆ ಅದು ನಡೆಯುತ್ತದೆ. ಹೊಳೆಯಲ್ಲಿ ಹಾಗಲ್ಲ. ಒಂದು ವರ್ಷ ಮೇ ಕೊನೆಗೇ ತೋಡು ತುಂಬುತ್ತದೆ, ಇನ್ನೊಂದು ವರ್ಷ ಜೂನ್ 20 ಆದರೂ ದೂಳು. ಮೊದಲ ಎರಡು ಮೂರು ದೊಡ್ಡ ನೀರು ಬರುವ ಆ ಹತ್ತು ಹದಿನೈದು ದಿನ ಮುಖ್ಯ. ಆ ದಿನಗಳಲ್ಲಿ ತೋಡಿನ ಬಾಯಿ ಕಾದರೆ ಅರ್ಧ ಕೆಲಸ ಮುಗಿಯಿತು. ಆ ದಿನ ಬಂತು ಅಂತ ಹೇಳುವುದಕ್ಕೆ ಕಚೇರಿಯಿಂದ ಆಗುವುದಿಲ್ಲ, ದಂಡೆಯಲ್ಲಿ ಮಲಗುವವನಿಗೆ ಮಾತ್ರ ಆಗುತ್ತದೆ. ಅವನ ಹತ್ತಿರ ಫೋನ್ ಇದೆ, ಒಂದು ಮೆಸೇಜು ಸಾಕು.

ಇನ್ನು ಹೊಟ್ಟೆ. ಮೂರು ತಿಂಗಳು ಬಲೆ ಎತ್ತಿ ಇಡಿ ಅನ್ನುತ್ತೀರಿ. ಕಕ್ಕಡದ, ಅಂದರೆ ಜುಲೈ-ಆಗಸ್ಟ್‌ನ, ಮಳೆಯಲ್ಲಿ ತೋಟದ ಕೂಲಿಯೂ ಸರಿಯಾಗಿ ಇರುವುದಿಲ್ಲ. ಗದ್ದೆಯ ಏಡಿ, ಕಣಿಲೆ, ಒಂದಿಷ್ಟು ಮೀನು, ಅದರಲ್ಲೇ ತೋಟದ ಕೂಲಿಯವರ ಎಷ್ಟೋ ಲೈನ್‌ಮನೆಗಳ ಒಲೆ ಉರಿಯುವುದು. 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಇದಕ್ಕೆ ಅಂತಲೇ ಒಂದು ಬಾಬ್ತು ಇದೆ. ನಿಷೇಧದ ಮೂರು ತಿಂಗಳು ತಿಂಗಳಿಗೆ 1500 ರೂಪಾಯಿ, ಅದರಲ್ಲಿ ಮೂರನೇ ಒಂದು ಪಾಲು ಮೀನುಗಾರ ತಾನೇ ಕಟ್ಟಿದ ಹಣ. ಸಮುದ್ರದವರಿಗಷ್ಟೇ ಅಲ್ಲ, ಒಳನಾಡಿನವರಿಗೂ ಇದೆ. ನಮ್ಮ ದಂಡೆಯಲ್ಲಿ ಹತ್ತು ಜನರನ್ನು ಕೇಳಿದೆ, ಎಂಟು ಜನಕ್ಕೆ ಇದು ಇದೆ ಅನ್ನುವುದೇ ಗೊತ್ತಿಲ್ಲ. ಗೊತ್ತಿದ್ದ ಇಬ್ಬರಿಗೆ ಮೀನುಗಾರರ ಸಂಘದ ಪಟ್ಟಿಯಲ್ಲಿ ಹೆಸರಿಲ್ಲ. ಬಾಂಗ್ಲಾದೇಶದಲ್ಲಿ ಹಿಲ್ಸಾ ಮರಿ ಹಿಡಿಯಬೇಡಿ ಅಂತ ಹೇಳುವಾಗ ಮೀನುಗಾರರ ಮನೆಗೆ ತಿಂಗಳಿಗೆ 40 ಕಿಲೋ ಅಕ್ಕಿ ಕೊಡುತ್ತಾರೆ. ಬೇಡ ಅನ್ನುವವನು ಅಕ್ಕಿ ಚೀಲ ಹಿಡಿದುಕೊಂಡು ಬಂದರೆ ಕೇಳುವವನ ಮುಖವೇ ಬೇರೆ ಥರ ಇರುತ್ತದೆ, ಅಲ್ವಾ?

ಪಟ್ಟಿಯ ಮಾತು ಬಂದಿದ್ದಕ್ಕೆ ಇನ್ನೊಂದು. ಮೀನುಗಾರ ಅಂದರೆ ನಿಮ್ಮ ಕಣ್ಣಿಗೆ ತೆಪ್ಪದಲ್ಲಿ ನಿಂತು ಬಲೆ ಬೀಸುವ ಗಂಡಸು. ನಮ್ಮಲ್ಲಿ ಆದಿವಾಸಿ ಯರವರ ಹೆಂಗಸರು ತೋಡಿನಲ್ಲಿ ಬಗ್ಗಿ ಬರಿಗೈಯಲ್ಲಿ ಕಲ್ಲಿನ ಸಂದಿಯಿಂದ ಮೀನು ತೆಗೆಯುತ್ತಾರೆ, ನನಗೆ ಇವತ್ತಿಗೂ ಬಾರದ ವಿದ್ಯೆ ಅದು. ಅವರು ಯಾವ ಸಂಘದ ಸದಸ್ಯರೂ ಅಲ್ಲ. ಕಾಡಿನೊಳಗಿನ ಹೊಳೆಯಲ್ಲಿ ಗಾಳ ಹಾಕುವ ಜೇನುಕುರುಬರೂ ಅಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಸಮುದಾಯದ ಹಕ್ಕುಗಳನ್ನು ಹೇಳುವ ಕಡೆ ಮೀನು ಮತ್ತು ನೀರಿನ ಇತರ ಉತ್ಪನ್ನ ಅಂತ ಸ್ಪಷ್ಟವಾಗಿ ಬರೆದಿದೆ. ಕಾಯ್ದೆಯಲ್ಲಿ ಹೆಸರಿರುವವರಿಗೆ ಸಭೆಯಲ್ಲಿ ಒಂದು ಕುರ್ಚಿಯಾದರೂ ಇರಬೇಕು.

ವಿಷ ಹಾಕುವ ವಿಚಾರಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಕ್ಷಮಿಸಿ.

ಮೂರು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಬಲೆ ನೋಡೋಣ ಅಂತ ಇಳಿದೆ. ಹೊಳೆ ಸಣ್ಣಗಾಗಿ ಬಂಡೆಗಳ ನಡುವೆ ಒಂದು ಮಡುವಿನಿಂದ ಇನ್ನೊಂದು ಮಡುವಿಗೆ ದಾರದ ಹಾಗೆ ಹರಿಯುತ್ತಿತ್ತು. ಮೊದಲು ಕಂಡಿದ್ದು ಬಂಡೆಯ ಮೇಲಿನ ಬಣ್ಣ. ನೀಲಿ, ತಿಳಿ ಹಸಿರು ನೀಲಿ, ಯಾರೋ ಅಲ್ಲಿ ಚೀಲ ಕೊಡವಿದ ಹಾಗೆ. ತೋಟ ಇರುವ ಯಾರಿಗಾದರೂ ಆ ಬಣ್ಣ ಗೊತ್ತು, ಮೈಲುತುತ್ತು (ತಾಮ್ರದ ಸಲ್ಫೇಟ್). ಆಮೇಲೆ ಮೀನು. ಮಡುವಿನ ಅಂಚಿಗೆಲ್ಲ ಒತ್ತಿಕೊಂಡು ಬಿದ್ದಿದ್ದವು, ಬಾಯಿ ತೆರೆದುಕೊಂಡು. ಒಂದರ ಕಿವಿರು ಎತ್ತಿ ನೋಡಿದೆ. ಕೆಂಪಗಿರಬೇಕಾದದ್ದು ಗೋಂದಿನಂಥ ಲೋಳೆ ಕಟ್ಟಿ ಮಂಕಾಗಿತ್ತು. ಸಣ್ಣ ಪಕ್ಕೆ ಮೀನುಗಳನ್ನು ಎಣಿಸುವುದಕ್ಕೆ ಹೋಗಲಿಲ್ಲ. ಒಂದು ಬಾಳೆಮೀನು ನನ್ನ ತೋಳಿನಷ್ಟು ಉದ್ದ, ಅದರ ವಯಸ್ಸು ನನ್ನ ಮಗಳಷ್ಟು ಇರಬಹುದು ಅನ್ನಿಸಿತು. ಆಚೆ ದಂಡೆಯಲ್ಲಿ ಎರಡು ನೀರುನಾಯಿ ಬಂದು ಮೂಸಿ ನೋಡಿ ಏನನ್ನೂ ಮುಟ್ಟದೆ ಹೋದವು. ಮುಟ್ಟಲಿಲ್ಲವಲ್ಲ ಸದ್ಯ ಅಂತ ಇವತ್ತಿಗೂ ಅನ್ನಿಸುತ್ತದೆ.

ಕೊಡಗಿನಲ್ಲಿ ಮೈಲುತುತ್ತು ಇಲ್ಲದ ಮನೆ ಕಡಿಮೆ. ಮಳೆಗೆ ಮುಂಚೆ ಕಾಫಿಗೂ ಮೆಣಸಿಗೂ ಬೋರ್ಡೋ ದ್ರಾವಣ ಹೊಡೆಯಲೇಬೇಕು, ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ನನ್ನದೂ ಒಂದೂವರೆ ಎಕರೆ ಇದೆ, ನಾನೂ ಹೊಡೆಯುತ್ತೇನೆ. ಅದೇ ಚೀಲದಿಂದ ಎರಡು ಹಿಡಿ ಜೇಬಿಗೆ ಹಾಕಿಕೊಂಡು ಹೊಳೆಗೆ ಇಳಿಯುವುದು ಎಷ್ಟು ಸುಲಭ ನೋಡಿ. ನಮ್ಮ ಹೊಳೆಯದ್ದು ಮೆದು ನೀರು, ಸುಣ್ಣದ ಅಂಶ ಕಡಿಮೆ. ಅಂಥ ನೀರಿನಲ್ಲಿ ತಾಮ್ರದ ವಿಷ ಮೀನಿಗೆ ಇನ್ನೂ ಬೇಗ ಹತ್ತುತ್ತದೆ.

ಆವತ್ತು ನಾನು ಫೋನ್ ಮಾಡಿದೆ. ಯಾರಿಗೆ ಅಂತ ಬರೆಯುವುದಿಲ್ಲ. ಆ ಕಡೆಯವರು ಬಹಳ ಮರ್ಯಾದೆಯಾಗಿಯೇ ಮಾತಾಡಿದರು. ಲಿಖಿತ ದೂರು ಕೊಡಿ, ಮೀನಿನ ಸ್ಯಾಂಪಲ್ ಇಟ್ಟುಕೊಂಡಿರಿ, ನಾಳಿದ್ದು ನೋಡೋಣ ಅಂದರು. ಏಪ್ರಿಲ್ ಬಿಸಿಲಿಗೆ ನಾಳಿದ್ದರವರೆಗೆ ಮೀನು ಇಟ್ಟುಕೊಳ್ಳುವುದು ಎಲ್ಲಿ? ಮನೆಯ ಫ್ರಿಜ್ಜಿಗೆ ವಿಷದ ಮೀನು ತುಂಬಿದರೆ ಹೆಂಡತಿ ನನ್ನನ್ನೇ ಹೊಳೆಗೆ ಹಾಕುತ್ತಾಳೆ. ಅದೇ ದಿನ ಸಂತೆಯಲ್ಲಿ ಆ ಮೀನು ಮಾರಾಟವೂ ಆಯಿತು ಅಂತ ಆಮೇಲೆ ತಿಳಿಯಿತು. ತಿಂದವರಿಗೆ ಗೊತ್ತಿಲ್ಲ.

ಕಾನೂನು ಇಲ್ಲ ಅಂತಲ್ಲ. ಸಿಡಿಮದ್ದು ಹಾಕಿ, ವಿಷ ಹಾಕಿ ಮೀನು ಹಿಡಿಯಬಾರದು ಅಂತ ಬ್ರಿಟಿಷರು 1897ರಲ್ಲೇ ಬರೆದಿಟ್ಟರು. ನಮ್ಮ ರಾಜ್ಯದ್ದೇ ಒಳನಾಡು ಮೀನುಗಾರಿಕೆ ಕಾಯ್ದೆ 1996ರದ್ದು, ಅದರಲ್ಲೂ ಇದೆ. ಅದೇ 1996ರಲ್ಲಿ ಬೆಳ್ತಂಗಡಿ ಕಡೆಯ ಶಿಶಿಲದಲ್ಲಿ ದೇವಸ್ಥಾನದ ಮೀನುಗಳಿಗೇ ಯಾರೋ ವಿಷ ಹಾಕಿದರು, ಸತ್ತ ಮೀನುಗಳ ನೆನಪಿಗೆ ಊರಿನವರು ಒಂದು ಸ್ಮಾರಕವನ್ನೇ ಕಟ್ಟಿದರು. ದೇವರ ಹೆಸರೂ ಕಾನೂನಿನ ಹೆಸರೂ ಇದ್ದ ಜಾಗದಲ್ಲಿ ಹಾಗಾಯಿತು ಅಂದಮೇಲೆ, ಎರಡೂ ಇಲ್ಲದ ನಮ್ಮ ಮಡುವಿನ ಗತಿ ಹೇಳಬೇಕಾ? ಕೊಡಗಿನಲ್ಲೇ ಬೇರೆ ಥರದ ಉದಾಹರಣೆಯೂ ಇದೆ. ವಾಲ್ನೂರು ಕಡೆ ಕೊಡಗು ವನ್ಯಜೀವಿ ಸಂಘದವರು ಹೊಳೆಯ ಒಂದು ಭಾಗ ವಹಿಸಿಕೊಂಡು, ಕಾವಲು ಇಟ್ಟು, ಗಾಳದಲ್ಲಿ ಹಿಡಿದ ಮಹಶೀರನ್ನು (ನಾವು ಬಿಳಿಮೀನು ಅನ್ನುವುದು ಅದಕ್ಕೇ) ವಾಪಸ್ ಬಿಡುವ ಪದ್ಧತಿ ನಡೆಸಿಕೊಂಡು ಬಂದಿದ್ದಾರೆ. ರಾತ್ರಿ ಒಬ್ಬ ಮನುಷ್ಯ ಟಾರ್ಚು ಹಿಡಿದು ದಂಡೆಯಲ್ಲಿ ಓಡಾಡಿದರೆ ಎಷ್ಟು ವ್ಯತ್ಯಾಸ ಆಗುತ್ತದೆ ಅನ್ನುವುದಕ್ಕೆ ಅದನ್ನು ನೋಡಿ. ನನ್ನ ಆಸೆ ಇಷ್ಟೇ, ಆ ಟಾರ್ಚು ಹಿಡಿಯುವವನು ಪ್ರತಿ ಊರಿನಲ್ಲೂ ಆ ಊರಿನ ಮೀನುಗಾರನೇ ಆಗಿರಲಿ, ಅವನ ಕೊರಳಲ್ಲಿ ನಿಮ್ಮ ಗುರುತಿನ ಚೀಟಿ ಇರಲಿ, ತಿಂಗಳಿಗೆ ಏನಾದರೂ ಸಂಬಳ ಇರಲಿ. ಈಗ ನಾನು ಯಾರನ್ನಾದರೂ ತಡೆದರೆ "ನೀನು ಯಾರು ಕೇಳೋಕೆ?" ಅನ್ನುತ್ತಾರೆ. ಉತ್ತರ ಇಲ್ಲ ನನ್ನ ಹತ್ತಿರ.

ಎಲ್ಲ ತಪ್ಪು ಕಳ್ಳಬೇಟೆಯವರದ್ದೇ ಅಂತ ಬರೆದರೆ ನಾನು ಸುಳ್ಳ. ಜನವರಿ, ಫೆಬ್ರವರಿಯಲ್ಲಿ ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪಿಂಗ್ ನೀರು ತೋಡಿಗೆ ಬಿಟ್ಟರೆ ನೀರು ಹುಳಿಯಾಗಿ ಕೊಳೆತು ಅದರಲ್ಲಿನ ಆಮ್ಲಜನಕ ಹೋಗುತ್ತದೆ, ಮೀನು ಮೇಲೆ ಬಂದು ಬಾಯಿ ಬಡಿಯುತ್ತದೆ. ಅದಾಗಿ ಒಂದು ತಿಂಗಳಿಗೆ ಕಾಫಿ ಅರಳಿಸುವ ಹೂಮಳೆ ಬರಲಿಲ್ಲ ಅಂದರೆ ಎರಡೂ ದಂಡೆಯಲ್ಲಿ ಪಂಪ್‌ಸೆಟ್ಟು, ಸ್ಪ್ರಿಂಕ್ಲರು. ನನ್ನ ಪಂಪೂ ಅಲ್ಲೇ ಇದೆ. 2018ರ ಭೂಕುಸಿತ, 2019ರ ಪ್ರವಾಹ ಬಂದಾಗ ಕರಡಿಗೋಡು, ಕುಂಬಾರಗುಂಡಿ, ಬೆಟ್ಟದಕಾಡಿನ ಮನೆಗಳು ಹೋದದ್ದು ಎಲ್ಲರಿಗೂ ಗೊತ್ತು. ಬೆಟ್ಟದ ಮಣ್ಣೆಲ್ಲ ಇಳಿದು ಮಡುಗಳು ತುಂಬಿಕೊಂಡದ್ದು ಮಾತ್ರ ಯಾರ ಪಂಚನಾಮೆಯಲ್ಲೂ ಬರಲಿಲ್ಲ. ನಾನು ಚಿಕ್ಕವನಿದ್ದಾಗ ತೆಪ್ಪದ ಹುಟ್ಟು ತಾಗದ ಜಾಗದಲ್ಲಿ ಈಗ ಏಪ್ರಿಲ್‌ನಲ್ಲಿ ಹುಡುಗರು ಕ್ರಿಕೆಟ್ ಆಡುತ್ತಾರೆ. ಬೇಸಿಗೆಯಲ್ಲಿ ಮೀನಿಗೆ ಮನೆ ಅಂದರೆ ಮಡು. ಉಳಿದ ನಾಲ್ಕು ಮಡುವಿಗೆ ಇಡೀ ಹೊಳೆಯ ಮೀನು ಬಂದು ಸೇರುತ್ತದೆ, ವಿಷದವನೂ ಅಲ್ಲಿಗೇ ಬರುತ್ತಾನೆ. ಅವನಿಗೂ ಹೊಳೆ ಗೊತ್ತು.

ಮೀನುಮರಿ ಬಿಡುವ ಕಾರ್ಯಕ್ರಮದ ಬಗ್ಗೆ ಬರೆಯಬೇಕೋ ಬೇಡವೋ ಅಂತ ಯೋಚಿಸಿದೆ. ಒಳ್ಳೆ ಮನಸ್ಸಿನಿಂದಲೇ ಮಾಡುತ್ತೀರಿ. ಆದರೂ ಬರೆಯುತ್ತೇನೆ. ನಾನು ನೋಡಿದ ಒಂದು ಕಾರ್ಯಕ್ರಮದಲ್ಲಿ ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲಗಳು ಬಿಸಿಲಲ್ಲಿ ಭಾಷಣ ಮುಗಿಯುವವರೆಗೆ ಕಾದವು. ಆಮೇಲೆ ಗಣ್ಯರು ಫೋಟೋಗೆ ನಿಂತು ಚೀಲ ಬಿಚ್ಚಿ ಎತ್ತರದಿಂದ ಸುರಿದರು. ಚೀಲವನ್ನು ಮೊದಲು ಹದಿನೈದು ಇಪ್ಪತ್ತು ನಿಮಿಷ ನೀರಿನ ಮೇಲೆ ತೇಲಿಬಿಟ್ಟು ಒಳಗಿನ ನೀರು ಹೊರಗಿನ ನೀರು ಒಂದೇ ಹದಕ್ಕೆ ಬಂದ ಮೇಲೆ ಬಾಯಿ ಬಿಚ್ಚಬೇಕು, ಇದು ನಿಮ್ಮ ತರಬೇತಿಯಲ್ಲೇ ಹೇಳಿಕೊಡುವ ಪಾಠ. ಮರಿಗಳೂ ಹೆಬ್ಬೆರಳಿನ ಉಗುರಿನಷ್ಟು. ದೊಡ್ಡ ನೀರಿಗೆ ಬಿಡುವ ಮರಿ ಕಡಿಮೆ ಅಂದರೂ ಹತ್ತು ಸೆಂಟಿಮೀಟರ್ ಇರಬೇಕು, ಇಲ್ಲದಿದ್ದರೆ ಅದು ಬಾಳೆಮೀನಿಗೂ ಮುರುಗೋಡಿಗೂ ಹಾಕಿದ ತಿಂಡಿ. ಆವತ್ತು ಸಂಜೆ ದಂಡೆಗೆ ಬಂದು ನೋಡಿದ್ದರೆ ಎಷ್ಟು ಉಳಿದವು ಅಂತ ಗೊತ್ತಾಗುತ್ತಿತ್ತು. ನಾವು ನೋಡಿದೆವು.

ಯಾವ ಮರಿ ಅನ್ನುವುದು ಇನ್ನೂ ದೊಡ್ಡ ಪ್ರಶ್ನೆ. ಹಾರಂಗಿ, ಚಿಕ್ಲಿಹೊಳೆಯಂಥ ಅಣೆಕಟ್ಟೆಗೆ ಕಾಟ್ಲಾ, ರೋಹು ಬಿಡಿ, ಬೇಡ ಅನ್ನುವುದಿಲ್ಲ. ಅಲ್ಲಿ ಅವು ಬೆಳೆಯುತ್ತವೆ, ಹಿಡಿಯುತ್ತೇವೆ, ಮಾರುತ್ತೇವೆ. ಹರಿಯುವ ಹೊಳೆಗೆ ಹೊರಗಿನ ಮೀನು ತಂದು ಸುರಿಯುವ ಮುಂಚೆ ಮಾತ್ರ ಬಿಳಿಮೀನಿನ ಕಥೆ ನೆನಪಿಸಿಕೊಳ್ಳಿ. ಕಾವೇರಿಯ ಬೆನ್ನು ಡುಬ್ಬದ ಮಹಶೀರ್ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. 1970, 80ರ ದಶಕಗಳಲ್ಲಿ ಮಹಶೀರ್ ಉಳಿಸಬೇಕು ಅಂತಲೇ ಲೋಣಾವಳದಲ್ಲಿ ಮರಿ ಮಾಡಿದ, ಕೃಷ್ಣಾ ಕಡೆಯ ನೀಲಿ ರೆಕ್ಕೆಯ ಮಹಶೀರನ್ನು ತಂದು ನಮ್ಮ ಹೊಳೆಗೆ ಬಿಟ್ಟರು. ಅದು ಚೆನ್ನಾಗಿ ಹೆಚ್ಚಿತು. ನಮ್ಮದು ಕಡಿಮೆಯಾಗುತ್ತಾ ಹೋಯಿತು. ಎಲ್ಲರೂ ಹೊಳೆ ತುಂಬ ಮಹಶೀರ್ ಅಂತ ಸಂತೋಷದಲ್ಲಿದ್ದರು, ಯಾವ ಮಹಶೀರ್ ಅಂತ ಕೇಳಲಿಲ್ಲ. ಡುಬ್ಬದ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು, ಟಾರ್ ರೆಮಾದೇವಿ ಅಂತ, ಗೊತ್ತಾಗಿದ್ದೇ 2018ರಲ್ಲಿ. ಅದೇ ವರ್ಷ ಅದನ್ನು ಅಳಿವಿನ ಕೊನೆಯ ಅಂಚಿನಲ್ಲಿರುವ ಪ್ರಾಣಿಗಳ ಪಟ್ಟಿಗೆ ಸೇರಿಸಿದರು. ಹೆಸರು ಇಡುವ ಹೊತ್ತಿಗೆ ಕೂಸು ಮುಗಿಯುತ್ತಾ ಬಂದಿತ್ತು. ನಮ್ಮಜ್ಜನ ಹತ್ತಿರ ಯಾರಾದರೂ ಕೂತು, ಅಜ್ಜಾ, ಈ ಬಿಳಿಮೀನಿನ ಬೆನ್ನು ಮೊದಲು ಹೀಗೇ ಇತ್ತಾ ಅಂತ ಕೇಳಿದ್ದರೆ, ಇಲ್ಲ ಮಗಾ ಬೇರೆ ಥರ ಇತ್ತು ಅಂತ ಒಂದು ಬೀಡಿಗೆ ಹೇಳಿಬಿಡುತ್ತಿದ್ದ.

ಗುತ್ತಿಗೆ ವಿಷಯ. ನೀರನ್ನು ಹರಾಜು ಹಾಕಿ ಜಾಸ್ತಿ ಕೂಗಿದವನಿಗೆ ಕೊಟ್ಟರೆ ಸರ್ಕಾರಕ್ಕೆ ದುಡ್ಡು ಬರುತ್ತದೆ, ನಿಜ. ಅವನ ಕಣ್ಣು ಗುತ್ತಿಗೆ ಮುಗಿಯುವ ತಾರೀಕಿನ ಮೇಲಿರುತ್ತದೆ. ಕೊನೆಯ ಬೇಸಿಗೆಯಲ್ಲಿ ಸಣ್ಣ ಕಣ್ಣಿನ ಬಲೆ ತಂದು ಬಳಿದುಕೊಂಡು ಹೋಗುತ್ತಾನೆ. ಮುಂಗಡ ತೆಗೆದುಕೊಂಡ ನಮ್ಮ ಹುಡುಗರೇ ಆ ಬಲೆ ಎಳೆಯುತ್ತಾರೆ, ಅವನು ಹೇಳಿದ ರೇಟಿಗೇ ತೂಗಿ ಕೊಡುತ್ತಾರೆ. ಅಪ್ಪ ಬಲೆಯ ಕಣ್ಣಿಗೆ ನಾಲ್ಕು ಬೆರಳು ತೂರಿಸಿ ನೋಡಿ ಆಮೇಲೆ ಕೊಳ್ಳುತ್ತಿದ್ದ, ಈಗಿನ ಕೆಲವು ಬಲೆಗೆ ನನ್ನ ಕಿರುಬೆರಳೂ ಹೋಗುವುದಿಲ್ಲ. ಮಧ್ಯಪ್ರದೇಶದ ತವಾ ಅಣೆಕಟ್ಟೆಯಲ್ಲಿ ಮುಳುಗಡೆಯಾದ ಊರುಗಳ ಆದಿವಾಸಿಗಳೇ ಸೇರಿ ತವಾ ಮತ್ಸ್ಯ ಸಂಘ ಮಾಡಿಕೊಂಡರು. 1996ರಿಂದ ಹತ್ತು ವರ್ಷ ಆ ನೀರಿನ ಮೀನಿನ ಹಕ್ಕು ಅವರಿಗೇ ಸಿಕ್ಕಿತ್ತು. ತಾವೇ ಮರಿ ಬಿಟ್ಟರು, ತಾವೇ ಮಳೆಗಾಲದಲ್ಲಿ ಬಲೆ ನಿಲ್ಲಿಸಿದರು, ತಾವೇ ಕಾದರು. ಮೀನೂ ಜಾಸ್ತಿಯಾಯಿತು, ಸಂಪಾದನೆಯೂ ಜಾಸ್ತಿಯಾಯಿತು. 2006ರ ನಂತರ ವನ್ಯಜೀವಿಧಾಮದ ಕಾರಣ ಹೇಳಿ ಹಕ್ಕು ಮುಂದುವರಿಸಲಿಲ್ಲ, ಅದು ಬೇರೆ ಸಂಕಟ. ಕಾಂಬೋಡಿಯಾದ ಟೊನ್ಲೆ ಸಾಪ್ ಸರೋವರದಲ್ಲಿ ಹರಾಜಿನ ಪದ್ಧತಿ ತುಂಬಾ ಹಳೆಯದು, 2012ರಲ್ಲಿ ಅದನ್ನೇ ಕಿತ್ತುಹಾಕಿದರು. ಕಿತ್ತುಹಾಕಿ ಕಾವಲಿಗೆ ಜನ, ದುಡ್ಡು ಕೊಡದೆ ಬಿಟ್ಟ ಕಡೆ ಕಳ್ಳಬೇಟೆ ಮುಂದುವರಿಯಿತು. ಹಾಗಾಗಿ ನಾನು ಸುಮ್ನೆ ಹಕ್ಕು ಕೊಡಿ ಅಂತ ಕೇಳುತ್ತಿಲ್ಲ. ಹಕ್ಕಿನ ಜೊತೆ ಕಾವಲಿನ ಕೆಲಸವನ್ನೂ ನಮ್ಮ ಹೆಗಲಿಗೆ ಹಾಕಿ, ಅದಕ್ಕೆ ಬೇಕಾದ್ದು ಕೊಡಿ ಅಂತ ಕೇಳುತ್ತಿದ್ದೇನೆ.

ನನಗೆ ತುಂಬಾ ಇಷ್ಟವಾದ ಕಥೆ ಬ್ರೆಜಿಲ್‌ನದ್ದು. ಅಮೆಜಾನ್‌ನಲ್ಲಿ ಪಿರರುಕು ಅಂತ ಆಳುದ್ದ ಮೀರಿ ಬೆಳೆಯುವ ಮೀನು ಇದೆ. ಉಸಿರಾಡುವುದಕ್ಕೆ ಆಗಾಗ ನೀರಿನ ಮೇಲೆ ಬರಲೇಬೇಕು ಅದು. ಅಲ್ಲಿಯ ಮೀನುಗಾರರು ಕೆರೆಯ ಮೇಲೆ ದೋಣಿಯಲ್ಲಿ ಸುಮ್ಮನೆ ಕೂತು, ಸದ್ದು ಕೇಳಿ, ನೀರಿನ ಅಲುಗಾಟ ನೋಡಿ, ಎಷ್ಟು ದೊಡ್ಡವು ಎಷ್ಟು ಚಿಕ್ಕವು ಅಂತ ಎಣಿಸುತ್ತಾರೆ. ವಿಜ್ಞಾನಿಗಳು ಬೇರೆ ವಿಧಾನದಿಂದ ಲೆಕ್ಕ ಹಾಕಿ ಪರೀಕ್ಷಿಸಿದರು, ಮೀನುಗಾರರ ಎಣಿಕೆ ಸರಿ ಬಂತು. 1999ರಿಂದ ಮಾಮಿರಾವಾ ಅನ್ನುವ ಕಡೆ ಆ ಎಣಿಕೆಯ ಮೇಲೆಯೇ ಆ ವರ್ಷ ಎಷ್ಟು ಹಿಡಿಯಬಹುದು ಅಂತ ಸರ್ಕಾರ ಬರೆದು ಕೊಡುತ್ತದೆ, ದೊಡ್ಡವುಗಳಲ್ಲಿ ನೂರಕ್ಕೆ ಮೂವತ್ತು ಮೀರಬಾರದು. ಮುಗಿದೇ ಹೋಯಿತು ಅಂದುಕೊಂಡಿದ್ದ ಮೀನು ಎಷ್ಟೋ ಪಟ್ಟು ಹೆಚ್ಚಿತು.

ನಮ್ಮ ಮೀನು ಹಾಗೆ ಮೇಲೆ ಬಂದು ಉಸಿರಾಡುವುದಿಲ್ಲ ಅನ್ನಬೇಡಿ. ಮುರುಗೋಡು ಬರುತ್ತದೆ. ಅದಕ್ಕಿಂತ ಒಳ್ಳೆ ಲೆಕ್ಕ ಅದರ ಮರಿ. ಮಳೆಗಾಲದಲ್ಲಿ ಕೆರೆಯ ಅಂಚಿನಲ್ಲೋ ಹೊಳೆಯ ನಿಂತ ನೀರಿನಲ್ಲೋ ಒಂದು ಕೆಂಪು ಮುದ್ದೆ ಅಲುಗಾಡುತ್ತಾ ತೇಲುವುದನ್ನು ನೋಡಿದ್ದೀರಾ? ಕುಂಕುಮ ಚೆಲ್ಲಿದ ಹಾಗೆ ಇರುತ್ತದೆ. ಹತ್ತಿರ ಹೋದರೆ ಮುದ್ದೆ ಒಡೆದು ಮತ್ತೆ ಸೇರಿಕೊಳ್ಳುತ್ತದೆ, ನೂರಾರು ಮರಿ. ಅದರ ಕೆಳಗೆ ಒಂದು ಮೊಳ ಆಳದಲ್ಲಿ ತಾಯಿ ತಂದೆ ಕಾಯುತ್ತಾ ಇರುತ್ತವೆ. ಆಗ ಗಾಳ ಹಾಕಿದರೆ ಸಿಟ್ಟಿಗೆ ಬಂದು ಕಚ್ಚುತ್ತವೆ, ಹಿಡಿಯುವುದು ಬಹಳ ಸುಲಭ, ಹಿಡಿದರೆ ಆ ಮುದ್ದೆ ಸಂಜೆಯೊಳಗೆ ಖಾಲಿ. ನಮ್ಮ ಊರಿನ ಮೂರು ಕೆರೆ, ಎರಡು ಹಿನ್ನೀರಿನಲ್ಲಿ ಎಷ್ಟು ಮುದ್ದೆ ಎದ್ದವು ಅಂತ ನಾನು ಮತ್ತು ನನ್ನ ಚಿಕ್ಕಪ್ಪನ ಮಗ ಎರಡು ವರ್ಷದಿಂದ ಬರೆದಿಡುತ್ತಿದ್ದೇವೆ. ಮಗಳ ಹಳೆ ಗಣಿತದ ನೋಟ್‌ಬುಕ್ಕು, ಹಿಂದಿನ ಪುಟಗಳಿಂದ ಶುರು. ಹತ್ತುಮೀನು ಯಾವ ತೋಡಿಗೆ ಯಾವ ರಾತ್ರಿ ಬಂತು, ಬಲೆಗೆ ಏನು ಬಿತ್ತು, ಎಷ್ಟು ಉದ್ದ, ಹೊಟ್ಟೆಯಲ್ಲಿ ಮೊಟ್ಟೆ ಇತ್ತಾ ಇಲ್ಲವಾ, ಹೊರಗಿನ ಜಿಲೇಬಿ ಮೀನು (ಟಿಲಾಪಿಯಾ) ಎಷ್ಟು ನಮ್ಮ ಮೀನು ಎಷ್ಟು. ಅಕ್ಷರ ಚೆನ್ನಾಗಿಲ್ಲ. ಕೆಲವು ಪುಟಕ್ಕೆ ಮೀನಿನ ವಾಸನೆಯೂ ಇದೆ.

ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ಸಮಿತಿ ಅಂತ ಇರಬೇಕು, ಜನರಿಂದ ಕೇಳಿ ದಾಖಲೆ ಬರೆಯಬೇಕು ಅಂತ 2002ರ ಕಾಯ್ದೆ ಹೇಳುತ್ತದೆ. ಆ ನೋಟ್‌ಬುಕ್ಕನ್ನು ಆ ದಾಖಲೆಗೆ ಸೇರಿಸಿಕೊಳ್ಳಿ. ತಪ್ಪಿದ್ದರೆ ನಿಮ್ಮ ತಜ್ಞರು ತಿದ್ದಲಿ, ನನಗೆ ಬೇಜಾರಿಲ್ಲ. ನಮ್ಮ ದಂಡೆಯಲ್ಲಿ ಉಳಿದಿರುವ ಮಡುಗಳಲ್ಲಿ ಎರಡನ್ನು ವರ್ಷಪೂರ್ತಿ ಯಾರೂ ಮುಟ್ಟಬಾರದು ಅಂತ ನಾವು ಹನ್ನೊಂದು ಮನೆಯವರು ಈಗಾಗಲೇ ಮಾತಾಡಿಕೊಂಡಿದ್ದೇವೆ. ಯಾವ ಎರಡು ಅಂತ ಇಲ್ಲಿ ಬರೆಯುವುದಿಲ್ಲ, ನಾಳೆಯೇ ಜೀಪು ಬಂದೀತು. ನಿಮಗೆ ತೋರಿಸುತ್ತೇವೆ. ಮೊದಲ ನೀರಿನ ಹದಿನೈದು ದಿನ ತೋಡಿನ ಬಾಯಿ ಕಾಯುವುದಕ್ಕೂ ತಯಾರಿದ್ದೇವೆ, ಆ ಹದಿನೈದು ದಿನದ ಕೂಲಿ ಮತ್ತು ಒಂದು ಗುರುತಿನ ಚೀಟಿ ಸಿಕ್ಕರೆ. ಹನ್ನೊಂದರಲ್ಲಿ ಒಂದು ಮನೆಯವರು ಮೊದಲು ಬ್ಯಾಟರಿ ಹಿಡಿದು ಹೋಗುತ್ತಿದ್ದವರೇ. ಅವರನ್ನು ಹೊರಗಿಟ್ಟು ಮಾಡಿದರೆ ಏನೂ ಆಗುವುದಿಲ್ಲ ಅಂತ ಹೆಂಗಸರು ಹಟ ಹಿಡಿದರು, ಒಳಗೆ ಸೇರಿಸಿಕೊಂಡೆವು.

ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮುಂಚೆ ಒಂದು ದಿನ ಬನ್ನಿ. ಬೆಳಿಗ್ಗೆ ಏಳರ ಮೇಲೆ ಬಂದರೆ ಒಳ್ಳೆಯದು, ಅದಕ್ಕೂ ಮುಂಚೆ ದಂಡೆಯ ದಾರಿಯಲ್ಲಿ ಆನೆ ಇರುತ್ತವೆ. ನನ್ನ ತೆಪ್ಪದಲ್ಲಿ ನನ್ನನ್ನು ಬಿಟ್ಟು ಇಬ್ಬರು ಕೂರಬಹುದು, ಮೂರನೆಯವರು ಬಂದರೆ ಚಿಕ್ಕಪ್ಪನ ಮಗನ ತೆಪ್ಪ ಕೇಳುತ್ತೇನೆ. ಬೂಟು ಬೇಡ, ಚಪ್ಪಲಿ ಸಾಕು. ನೋಟ್‌ಬುಕ್ಕು ತರುತ್ತೇನೆ, ನೀವು ಪೆನ್ನು ತನ್ನಿ, ನನ್ನದು ಒದ್ದೆಯಾಗಿ ಬರೆಯುತ್ತಿಲ್ಲ.

ಇಂತಿ,
ಕರಡಿಗೋಡು ಕಡೆಯ ಹೊಳೆದಂಡೆಯ ಒಬ್ಬ ಮೀನುಗಾರ